ಇಂಜಿನ್ ಇಳಿಸುವ ಮುಂಚೆ ಅರ್ಧ ಗಂಟೆ ಹುಡುಕ್ರಿ

"ಕಾಕಾ, ಇಂಜಿನ್ ಹೋಗ್ಯಾದ್ರಿ. ಇಳಿಸಿ ಬೋರ್ ಮಾಡಬೇಕು."

ಬೀದರ್, ಭಾಲ್ಕಿ, ಔರಾದ್‌ನಲ್ಲಿ ಹಳೆ ಡೀಸೆಲ್ ಗಾಡಿ ಇಟ್ಟುಕೊಂಡವರು ಈ ಮಾತು ಒಮ್ಮೆಯಾದರೂ ಕೇಳಿರುತ್ತೀರಿ. ಬಾನೆಟ್ ಎತ್ತಿ ಐದು ನಿಮಿಷ ಆಗಿರುವುದಿಲ್ಲ. ಮೀಟರ್ ಹಚ್ಚಿಲ್ಲ, ಫಿಲ್ಟರ್ ನೋಡಿಲ್ಲ, ಹೊಗೆಯ ಬಣ್ಣ ಯಾವುದು ಎಂದು ಕೇಳಿಲ್ಲ. ತೀರ್ಪು ಮಾತ್ರ ಬಂದಾಯಿತು. ಸೋಯಾ ಮಾರಿದ ರೊಕ್ಕ ಅಲ್ಲಿಗೆ ಖಾಲಿ.

ನಾವು ಹೇಳುವುದು ಇಷ್ಟೇ. ಪರೀಕ್ಷೆ ಮಾಡದೆ ಇಂಜಿನ್ ಬಿಚ್ಚಲು ಯಾರೂ ಒಪ್ಪಬೇಡಿ. ಆ ಪರೀಕ್ಷೆಗೆ ಕೂಲಿ ಕೊಡುವುದನ್ನೂ ಕಲಿಯಿರಿ.

ಗುಜರಿಗೆ ಹಾಕಿ ಎನ್ನುವವರಿಗೆ

"ಅಷ್ಟು ಹಳೆ ಗಾಡಿ ಯಾಕೆ, ಗುಜರಿಗೆ ಹಾಕಿ" ಎಂದು ಪಟ್ಟಣದವರು ಸುಲಭವಾಗಿ ಹೇಳುತ್ತಾರೆ. ನಮ್ಮ ಊರುಗಳಲ್ಲಿ ಇಂಡಿಕಾ, ಸುಮೋ, ಕ್ವಾಲಿಸ್, ಹಳೆ ಬೊಲೆರೊ ಇನ್ನೂ ಓಡುತ್ತಿವೆ. ಇಂಡಿಕಾ ಬಂದದ್ದು 1998ರಲ್ಲಿ, ಕ್ವಾಲಿಸ್ ನಿಂತದ್ದು 2005ರಲ್ಲಿ. ಔರಾದ್‌ನಿಂದ ಬೀದರ್ ಸುಮಾರು 40 ಕಿ.ಮೀ. ನಡುರಾತ್ರಿ ಹೆರಿಗೆ ನೋವು ಬಂದಾಗ 108 ಬರುವುದು ತಡವಾದರೆ, ಬ್ರಿಮ್ಸ್ ಆಸ್ಪತ್ರೆಗೆ ಹೊರಡುವುದು ಓಣಿಯಲ್ಲಿ ನಿಂತಿರುವ ಇಂಥದ್ದೇ ಒಂದು ಗಾಡಿ. ಅದು ಸ್ಟಾರ್ಟ್ ಆಗಲೇಬೇಕು.

ಡೀಸೆಲ್ ಗಾಡಿಗೆ ಹತ್ತೇ ವರ್ಷ ಎಂಬ ನಿಯಮ ದೆಹಲಿ ಸುತ್ತಲಿನದು, ನಮ್ಮದಲ್ಲ. ನಮ್ಮ ಕೆಎ-38, ಕೆಎ-39 ಸ್ವಂತ ಬಳಕೆಯ ಕಾರುಗಳಿಗೆ 15 ವರ್ಷವಾದ ಮೇಲೆ ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. 600 ರೂಪಾಯಿ ಇದ್ದ ಈ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 5,000 ಮಾಡಿದರು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಹಸಿರು ತೆರಿಗೆ ಬೇರೆ. ಇಷ್ಟೆಲ್ಲ ಕಟ್ಟಿ ಗಾಡಿ ಉಳಿಸಿಕೊಂಡವನಿಗೆ ಸುಳ್ಳು ಬೋರ್ ಖರ್ಚು ಹೇರುವುದು ಅನ್ಯಾಯ.

ಮುಂಜಾನೆ ಸ್ಟಾರ್ಟ್ ಆಗದಿದ್ದರೆ

ಮೊದಲು ಕಿವಿಗೊಟ್ಟು ಕೇಳಿ. ಸೆಲ್ಫ್ ನಿಧಾನ ತಿರುಗುತ್ತಿದೆಯೋ, ಜೋರಾಗಿ ತಿರುಗಿಯೂ ಇಂಜಿನ್ ಹತ್ತುತ್ತಿಲ್ಲವೋ? ಎರಡೂ ಬೇರೆ ರೋಗ.

ನಿಧಾನ ತಿರುಗಿದರೆ ಬ್ಯಾಟರಿ, ಅದರ ಟರ್ಮಿನಲ್, ಇಂಜಿನ್‌ಗೆ ಹೋಗುವ ಅರ್ತ್ ಪಟ್ಟಿ ನೋಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ದುರ್ಬಲ. ಬ್ಯಾಟರಿಯ ಮೈನಸ್‌ಗೂ ಇಂಜಿನ್ ಬ್ಲಾಕಿಗೂ ಮೀಟರ್ ಹಚ್ಚಿ. ಸೆಲ್ಫ್ ಹೊಡೆಯುವಾಗ ಅಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ಸರಿಯಿಲ್ಲ. ಉಜ್ಜಿ ಬಿಗಿ ಮಾಡಿದರೆ ಎಷ್ಟೋ ಗಾಡಿಗಳು ಅಲ್ಲೇ ಎದ್ದು ಕೂಡುತ್ತವೆ.

ಜೋರಾಗಿ ತಿರುಗಿ, ಬಿಳಿ ಹೊಗೆ ಬಿಟ್ಟು, ಬಹಳ ಹೊತ್ತಿನ ಮೇಲೆ ನಡುಗುತ್ತ ಹತ್ತಿದರೆ, ಅದೂ ಡಿಸೆಂಬರ್-ಜನವರಿ ಚಳಿಯಲ್ಲೇ ಜಾಸ್ತಿಯಾದರೆ, ಹೀಟರ್ ಪ್ಲಗ್ ನೋಡಿ. ವೈರ್ ಬಿಚ್ಚಿ ಒಂದೊಂದೇ ಪ್ಲಗ್‌ಗೆ ಮೀಟರ್ ಹಚ್ಚಿದರೆ ಒಂದು ಓಮ್ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಆ ಪ್ಲಗ್ ಸತ್ತಿದೆ. ನಾಲ್ಕೂ ಚೆನ್ನಾಗಿದ್ದರೆ ಅವುಗಳಿಗೆ ಕರೆಂಟ್ ಬರುತ್ತಿದೆಯೇ, ರಿಲೇ ಸರಿಯಿದೆಯೇ ನೋಡಿ. ಇದಕ್ಕೆ ಬೋರ್ ಬೇಕೇ? ಒಂದು ಮಾತು: ಹೀಟರ್ ಪ್ಲಗ್ ಇರುವ ಇಂಜಿನ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಬೇಡಿ, ಪೆಟ್ರೋಲ್ ಸುರಿಯಬೇಡಿ. ಬೆಂಕಿ ಹತ್ತಬಹುದು, ಪಿಸ್ಟನ್ ಒಡೆಯಬಹುದು.

ಏರ್ ಮತ್ತು ನೀರು

ರಾತ್ರಿ ನಿಂತು ಮುಂಜಾನೆ ಹತ್ತದ, ಒಮ್ಮೆ ಹತ್ತಿದರೆ ದಿನವಿಡೀ ಚೆನ್ನಾಗಿ ಓಡುವ ಗಾಡಿಯಲ್ಲಿ ಡೀಸೆಲ್ ಲೈನಿಗೆ ಏರ್ ಸೇರುತ್ತಿರಬಹುದು. ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ನೋಡಿ. ಗುಳ್ಳೆ ಕಂಡರೆ ಸೀಳಿದ ಪೈಪ್, ಸಡಿಲ ಕ್ಲಿಪ್, ನೋಝಲ್ ಮೇಲಿನ ಸಣ್ಣ ರಿಟರ್ನ್ ಪೈಪ್ ಹುಡುಕಿ. ಹಳೆ ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿದರೆ ಏರ್ ಹೋಗುತ್ತದೆ. ಸೀಳಿದ ಪೈಪ್ ಬದಲಿಸದೆ ಬರೀ ಏರ್ ತೆಗೆದರೆ ನಾಳೆ ಮತ್ತೆ ಅದೇ ಗೋಳು.

ಟ್ರ್ಯಾಕ್ಟರಿಗೆಂದು ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್ ಕಾರಿಗೂ ಹಾಕುವ ರೂಢಿ ನಮ್ಮಲ್ಲಿದೆ. ಅದರಲ್ಲಿ ನೀರು, ಕಸ ಸೇರುತ್ತದೆ. ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಬಿಡಿ. ನೀರಿದ್ದರೆ ಕೆಳಗೆ ಕೂತಿರುತ್ತದೆ. ಸೀಮೆಎಣ್ಣೆ ಬೆರೆಸುವ ಉಪಾಯವಂತೂ ಬೇಡ. ಪಂಪಿನ ಒಳಭಾಗಕ್ಕೆ ಡೀಸೆಲ್ಲೇ ಎಣ್ಣೆ. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ, ಪಂಪು ಸವೆಯುತ್ತದೆ.

ಹೊಗೆ ಮಾತಾಡುತ್ತದೆ

ಕಪ್ಪು ಹೊಗೆ ಎಂದರೆ ಗಾಳಿ ಕಡಿಮೆ, ಡೀಸೆಲ್ ಜಾಸ್ತಿ. ನಮ್ಮ ಎರೆಮಣ್ಣಿನ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಮೊದಲು ಅದು, ಆಮೇಲೆ ನೋಝಲ್, ಆಮೇಲೆ ಪಂಪು. ಗಾಡಿ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸಂಶಯ ಪಡಬೇಕು. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಆಗಲೂ ವಾಲ್ವ್ ಸೀಲ್, ಟರ್ಬೊ ಇದ್ದರೆ ಅದು, ಎರಡನ್ನೂ ನೋಡಿದ ಮೇಲೆಯೇ ರಿಂಗ್ ಮಾತು.

ಬೋರ್ ನಿಜವಾಗಿ ಬೇಕಾಗುವ ಗಾಡಿಗಳೂ ಇವೆ, ಇಲ್ಲವೆನ್ನುವುದಿಲ್ಲ. ಇಂಜಿನ್ ಓಡುವಾಗ ಆಯಿಲ್ ಕ್ಯಾಪ್ ತೆಗೆದರೆ ಹೊಗೆ ರಭಸವಾಗಿ ಬಡಿಯುತ್ತದೆ, ಆಯಿಲ್ ದಿನಾ ಕಡಿಮೆಯಾಗುತ್ತದೆ, ಕಂಪ್ರೆಶನ್ ಟೆಸ್ಟ್‌ನಲ್ಲಿ ಸಿಲಿಂಡರುಗಳ ನಡುವೆ ದೊಡ್ಡ ಅಂತರ ಬರುತ್ತದೆ. ಈ ಮೂರನ್ನೂ ಕಣ್ಣಾರೆ ತೋರಿಸಿದರೆ ಒಪ್ಪಿ.

ವಾಲ್ವ್ ತೆಗೆದೊಗೆಯುವ ಚಟ

ಗಾಡಿ ಹೀಟ್ ಆದರೆ ಥರ್ಮೋಸ್ಟಾಟ್ ವಾಲ್ವ್ ಕಿತ್ತೊಗೆಯುವುದು ನಮ್ಮಲ್ಲಿ ದೊಡ್ಡ ಚಟ. ವಾಲ್ವ್ ಇಲ್ಲದ ಇಂಜಿನ್ ಬೇಗ ಬಿಸಿಯಾಗುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ವಾಲ್ವ್ ಕೆಟ್ಟಿದ್ದರೆ ಹೊಸದು ಹಾಕಿ. ರೇಡಿಯೇಟರ್ ಸಂದಿಯಲ್ಲಿ ಕೂತ ಧೂಳು, ಹೊಟ್ಟನ್ನು ಇಂಜಿನ್ ಕಡೆಯಿಂದ ಹೊರಕ್ಕೆ ನಿಧಾನ ನೀರು ಬಿಟ್ಟು ತೊಳೆಯಿರಿ. ಬೋರ್‌ವೆಲ್ ನೀರು ಸುರಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಹಾಕಿ. ಬಿಸಿ ಇದ್ದಾಗ ಕ್ಯಾಪ್ ಮುಟ್ಟಬೇಡಿ.

2007ರಲ್ಲಿ ಬಂದ ಸ್ವಿಫ್ಟ್ ಡೀಸೆಲ್‌ನಂಥ ಕಾಮನ್ ರೇಲ್ ಗಾಡಿಗಳಲ್ಲಿ ಒಂದು ಎಚ್ಚರಿಕೆ. ಹಳೆ ರೂಢಿಯಂತೆ ನೋಝಲ್ ಪೈಪಿನ ನಟ್ ಸಡಿಲಿಸಿ ನೋಡಬಾರದು. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಅದಕ್ಕೆ ಸ್ಕ್ಯಾನರ್ ಇರುವವರ ಹತ್ತಿರವೇ ಹೋಗಿ.

ತಪ್ಪು ಮಿಸ್ತ್ರಿಯದಷ್ಟೇ ಅಲ್ಲ

ಮಿಸ್ತ್ರಿಗಳು ನಮ್ಮನ್ನು ಕೇಳುತ್ತಾರೆ: "ಹುಡುಕಿದ್ದಕ್ಕೆ ಯಾರ್ ರೊಕ್ಕ ಕೊಡ್ತಾರ್ರಿ?" ಈ ಪ್ರಶ್ನೆ ನ್ಯಾಯವಾದದ್ದು. ಒಂದು ತಾಸು ಕೂತು ಸಡಿಲ ಅರ್ತ್ ವೈರ್ ಹುಡುಕಿ ಮುನ್ನೂರು ಕೇಳಿದರೆ "ಒಂದು ನಟ್ ತಿರುವಿದ್ದಕ್ಕೆ ಇಷ್ಟಾ?" ಎಂದು ಜಗಳ ತೆಗೆಯುತ್ತೇವೆ. ಅದೇ ಮೂವತ್ತು ಸಾವಿರದ ಸಾಮಾನಿನ ಪಟ್ಟಿ ಕೊಟ್ಟರೆ ಸಾಲ ಮಾಡಿ ಕಟ್ಟುತ್ತೇವೆ. ಸಾಮಾನು ಬದಲಿಸಿದರೆ ಮಾತ್ರ ಹೊಟ್ಟೆ ತುಂಬುತ್ತದೆ ಎಂದಾದಾಗ ಮಿಸ್ತ್ರಿ ಸಾಮಾನೇ ಬದಲಿಸುತ್ತಾನೆ. ಈ ಚಾಳಿ ಬೆಳೆಸಿದವರಲ್ಲಿ ಗಿರಾಕಿಗಳೂ ಇದ್ದಾರೆ.

ಹಾಗಾಗಿ ಗಾಡಿ ಬಿಡುವಾಗ ಹೀಗೆ ಹೇಳಿ: "ಮೊದಲು ಹುಡುಕ್ರಿ, ಹುಡುಕಿದ ಕೂಲಿ ಬೇರೆ ಕೊಡ್ತೀನಿ. ಫೋನ್ ಮಾಡಿ ಕೇಳದೆ ಬಿಚ್ಚಬ್ಯಾಡ್ರಿ. ತೆಗೆದ ಹಳೆ ಸಾಮಾನು ನನಗೇ ಕೊಡ್ರಿ. ಬಿಲ್ ಬೇಕು." ಬಿಲ್ ಬಹಳ ಮುಖ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ಯಾರೇಜಿನ ಕೆಲಸವೂ ಸೇವೆಯೇ. ಮೋಸವಾದರೆ 1915ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ಅರ್ಜಿ ಶುಲ್ಕವಿಲ್ಲ. ಬಿಲ್ ಇಲ್ಲದವನ ಮಾತು ಅಲ್ಲಿ ನಿಲ್ಲುವುದು ಕಷ್ಟ.

ಸರ್ಕಾರಕ್ಕೂ ಒಂದು ಮಾತು. ಐಟಿಐಗಳಲ್ಲಿ ಮೆಕ್ಯಾನಿಕ್ ಡೀಸೆಲ್ ಎಂಬ ತರಬೇತಿಯೇ ಇದೆ. ಜಿಲ್ಲೆಯ ಐಟಿಐ ವರ್ಕ್‌ಶಾಪಿನ ಬಾಗಿಲನ್ನು ತಿಂಗಳಿಗೆ ಒಂದು ದಿನ ಊರ ಮಿಸ್ತ್ರಿಗಳಿಗೆ, ಹಳೆ ಗಾಡಿಗಳಿಗೆ ತೆರೆಯಿರಿ. ಮಿಸ್ತ್ರಿಗೆ ಕಂಪ್ರೆಶನ್ ಗೇಜ್, ಸ್ಕ್ಯಾನರ್ ಹಿಡಿಯುವುದು ಗೊತ್ತಾಗಲಿ, ಹುಡುಗರಿಗೆ ನಿಜವಾದ ರೋಗಿಗಳು ಸಿಗಲಿ. ನವೀಕರಣದ ಶುಲ್ಕವನ್ನು ಹತ್ತು ಸಾವಿರಕ್ಕೆ ಏರಿಸಲು ಆಯಿತು, ಇದಕ್ಕೆ ಆಗುವುದಿಲ್ಲವೇ?

ಅಲ್ಲಿಯವರೆಗೆ ಮನೆಯಲ್ಲಿ ಒಂದು ಮೀಟರ್ ಇಟ್ಟುಕೊಳ್ಳಿ. ಬೋರ್ ಎಂದ ಕೂಡಲೇ ಕೇಳಿ: "ಯಾವ ಟೆಸ್ಟ್ ಮಾಡಿದ್ರಿ, ತೋರ್ಸ್ರಿ." ತೋರಿಸದಿದ್ದರೆ ಕೀಲಿ ಕಿಸೆಗೆ ಹಾಕಿಕೊಂಡು ಬೇರೆ ಗ್ಯಾರೇಜಿಗೆ ನಡೆಯಿರಿ.