ಸಾಹಿತ್ಯ: ಜಾನಪದ. ಹಾಗಂದ್ರೆ ಯಾರು ಸ್ವಾಮಿ?

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಕ್ಯಾಸೆಟ್ ಕಾಲದಿಂದಲೂ ಹಾಡು ಕೇಳೋದಕ್ಕಿಂತ ಮೊದಲು ಅದರ ಹಿಂದಿನ ಹೆಸರು ಓದೋ ಚಟ ನನಗೆ. ಸಾಹಿತ್ಯ ಇಂಥವರು, ಸಂಗೀತ ಇಂಥವರು, ಗಾಯನ ಇಂಥವರು. ಕೆಲವು ಹಾಡುಗಳ ಮುಂದೆ ಮಾತ್ರ 'ಸಾಹಿತ್ಯ: ಜಾನಪದ' ಅಂತ ಇರುತ್ತೆ. ಈ ಜಾನಪದ ಅನ್ನೋ ಮಹಾಶಯರು ಕನ್ನಡದಲ್ಲಿ ಎಷ್ಟು ಹಿಟ್ ಹಾಡು ಕೊಟ್ಟಿದಾರೆ ನೋಡಿ. ಇವತ್ತಿನವರೆಗೂ ಒಂದು ರೂಪಾಯಿ ರಾಯಲ್ಟಿ ಕೇಳಿಲ್ಲ, ಒಂದು ಸನ್ಮಾನದ ಶಾಲು ಹೊದ್ದಿಲ್ಲ. ಇವರ ಮನೆ ಹುಡುಕ್ಕೊಂಡು ಹೊರಟರೆ ದಾರಿ ಬಹಳ ಸಲ ಊರ ಹೊರಗಿನ ಕೇರಿಗೆ, ಇಲ್ಲಾ ಅಲೆಮಾರಿಗಳ ಗುಡಾರಕ್ಕೆ ಹೋಗಿ ನಿಲ್ಲುತ್ತೆ.

1996ರಲ್ಲಿ 'ಜನುಮದ ಜೋಡಿ' ಬಂದಾಗ ಮಾದಪ್ಪನ ಹಾಡನ್ನ ಇಡೀ ರಾಜ್ಯ ಹಾಡಿತು. ಶಿವಮೊಗ್ಗದ ಆಟೋಗಳಲ್ಲೂ ಅದೇ, ಭದ್ರಾವತಿಯ ಟೀ ಅಂಗಡಿಗಳಲ್ಲೂ ಅದೇ. ಮಲೆ ಮಹದೇಶ್ವರ ಬೆಟ್ಟದ ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡ್ತಿದ್ದ ಲೋಕ ಅದು. 2005ರಲ್ಲಿ 'ಜೋಗಿ' ಬಂತು. ಮನೆಬಾಗಿಲಲ್ಲಿ ನಿಂತು ಹಾಡಿ ಜೋಳಿಗೆ ಹಿಡಿಯೋ ಜೋಗಪ್ಪನ ಹಾಡಿಗೆ ಥಿಯೇಟರಲ್ಲಿ ಚಿಲ್ಲರೆ ತೂರಿದ್ರು. ಅದೇ ಜೋಗಪ್ಪ ನಿಜವಾಗಿ ಬಾಗಿಲಿಗೆ ಬಂದ್ರೆ 'ಮುಂದಕ್ಕೋಗು' ಅಂತಾರೆ, ಅದು ಬೇರೆ ಮಾತು. ವಿ. ಮನೋಹರ್, ಗುರುಕಿರಣ್ ಇಬ್ಬರ ಕೆಲಸದ ಬಗ್ಗೆಯೂ ನನಗೆ ತಕರಾರಿಲ್ಲ. ಒಳ್ಳೆ ಕಿವಿ ಇರೋರು, ಮಣ್ಣಿನ ಹಾಡನ್ನ ಕೆಡಿಸದೆ ತಂದರು. ತಕರಾರು ಇರೋದು ಆ ಒಂದು ಪದದ ಮೇಲೆ.

ಪಕ್ಕದಲ್ಲಿ ಇನ್ನೊಂದು ಕ್ಯಾಸೆಟ್ ಇಡ್ತೀನಿ. 1978ರ 'ನಿತ್ಯೋತ್ಸವ'. ಜೋಗದ ಸಿರಿಯಿಂದ ಶುರುವಾಗೋ ಹಾಡು, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಲ್ಲಿ ಪಾಠ ಮಾಡಿದ್ದ ನಿಸಾರ್ ಅಹಮದ್ ಬರೆದದ್ದು, ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದು. ಕವಿಯ ಹೆಸರಿದೆ, ಸಂಯೋಜಕರ ಹೆಸರಿದೆ, ಹಾಡಿದವರ ಹೆಸರಿದೆ. ಸರಿಯಾಗೇ ಇದೆ, ಹಾಗೇ ಇರಬೇಕು. ನಮ್ಮ ಶಿವಮೊಗ್ಗ ಸುಬ್ಬಣ್ಣ ಅವರದ್ದೂ ಅಷ್ಟೆ. ಹೊಸನಗರ ತಾಲೂಕು ನಗರದವರು, ವಕೀಲರು. 'ಕಾಡು ಕುದುರೆ' ಹಾಡಿ ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ ಮೊದಲ ಕನ್ನಡಿಗ. ಬರೆದವರು ಚಂದ್ರಶೇಖರ ಕಂಬಾರರು, ಸಿನಿಮಾ ಮಾಡಿದವರೂ ಅವರೇ. ಕಂಬಾರರ ಕಿವಿ ತುಂಬಿದ್ದು ಬೆಳಗಾವಿ ಕಡೆಯ ಘೋಡಗೇರಿಯ ಬಯಲಾಟ, ಲಾವಣಿ. ಅವರು ಅದನ್ನ ಯಾವತ್ತೂ ಮುಚ್ಚಿಟ್ಟವರಲ್ಲ. ಆದ್ರೂ ಘೋಡಗೇರಿಯಲ್ಲಿ ಆ ಮಟ್ಟುಗಳನ್ನ ಹಾಡ್ತಿದ್ದ ಆ ಬಯಲಾಟದೋರ ಹೆಸರು ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ.

ಇದೇ ಕಥೆ ಅಮೆರಿಕದಲ್ಲೂ ನಡೆದಿದೆ. ಎಲ್ವಿಸ್ ಪ್ರೆಸ್ಲಿ ಹೆಸರು ಎಲ್ಲರಿಗೂ ಗೊತ್ತು. 1954ರ ಜುಲೈಯಲ್ಲಿ ಮೆಂಫಿಸ್ ಊರಿನ ಸನ್ ಸ್ಟುಡಿಯೋದಲ್ಲಿ ಅವನು ಹಾಡಿ ಹೆಸರು ಮಾಡಿದ ಮೊದಲ ಹಾಡು ಆರ್ಥರ್ ಕ್ರುಡಪ್ ಅನ್ನೋ ಮಿಸಿಸಿಪ್ಪಿಯ ಕಪ್ಪು ಗಾಯಕನದ್ದು. ಕ್ರುಡಪ್ ಅದನ್ನ ರೆಕಾರ್ಡ್ ಮಾಡಿದ್ದು 1946ರಲ್ಲೇ. ಎಲ್ವಿಸ್ ಕಳ್ಳ ಅಂತ ನಾನು ಹೇಳಲ್ಲ. ಅವನು ಕ್ರುಡಪ್ ಹೆಸರನ್ನ ಬಾಯಿಬಿಟ್ಟೇ ಹೇಳಿದ್ದ. ಮೋಸ ಆಗಿದ್ದು ಲೆಕ್ಕದ ಪುಸ್ತಕದಲ್ಲಿ. ಕ್ರುಡಪ್ ಹೊಲದಲ್ಲಿ ಕೂಲಿ ಮಾಡ್ಕೊಂಡೇ ಬದುಕಿದ, ರಾಯಲ್ಟಿಗೋಸ್ಕರ ಗುದ್ದಾಡಿ ಗುದ್ದಾಡಿ 1974ರಲ್ಲಿ ತೀರಿಕೊಂಡ. ಆಗ ಅಲ್ಲಿ ಕಪ್ಪು ಜನರ ಹಾಡಿನ ತಟ್ಟೆಗಳಿಗೆ ಇದ್ದ ಹೆಸರೇ 'ರೇಸ್ ರೆಕಾರ್ಡ್ಸ್', ಅಂದ್ರೆ ಜಾತಿ ತಟ್ಟೆ ಅಂತ ಇಟ್ಕೊಳ್ಳಿ. ಬಿಲ್‌ಬೋರ್ಡ್ ಪತ್ರಿಕೆ ಅದನ್ನ ಬದಲಾಯಿಸಿ 'ರಿದಮ್ ಅಂಡ್ ಬ್ಲೂಸ್' ಅಂತ ಮಾಡಿದ್ದು 1949ರಲ್ಲಿ.

ಇಲ್ಲಿ ಒಂದು ವ್ಯತ್ಯಾಸ ಇದೆ, ಅದನ್ನ ಗಮನಿಸಿ. ಅವರ ಪದ ಅವಮಾನದ್ದು, ಆದ್ರೆ ತಟ್ಟೆಯ ಮೇಲೆ ಹಾಡಿದವನ ಹೆಸರು ಇತ್ತು. ನಮ್ಮ ಪದ ಬಹಳ ಗೌರವದ್ದು. ಜಾನಪದ! ಕೇಳಿದರೆ ಕೈ ಮುಗಿಬೇಕು ಅನ್ಸುತ್ತೆ. ಹೆಸರು ಮಾತ್ರ ಇಲ್ಲ. ಕ್ರುಡಪ್‌ಗೆ ಮೋಸ ಆಯ್ತು ಅಂತ ಹೇಳೋಕೆ ಒಂದು ತಟ್ಟೆ ಸಾಕ್ಷಿ ಇದೆ, ಇಸವಿ ಇದೆ. ನಮ್ಮ ಅಜ್ಜಂದಿರಿಗೆ ಮೋಸ ಆಯ್ತು ಅಂತ ಸಾಬೀತು ಮಾಡೋಕೂ ನಮ್ಮ ಹತ್ರ ಕಾಗದ ಇಲ್ಲ. ಎರಡರಲ್ಲಿ ಯಾವುದು ಹೆಚ್ಚು ಕ್ರೂರ ಅಂತ ಕೇಳಿದ್ರೆ ನಾನು ನಮ್ಮದೇ ಅಂತೀನಿ.

ಮಡ್ಡಿ ವಾಟರ್ಸ್ ಅಂತ ಇನ್ನೊಬ್ಬ. ಹತ್ತಿ ತೋಟದ ಕೂಲಿ. 1941ರಲ್ಲಿ ಅಲನ್ ಲೊಮ್ಯಾಕ್ಸ್ ಅನ್ನೋ ಜಾನಪದ ಸಂಗ್ರಾಹಕ ಆ ತೋಟಕ್ಕೇ ಮೆಷಿನ್ ತಗೊಂಡು ಹೋಗಿ ಅವನ ಹಾಡು ರೆಕಾರ್ಡ್ ಮಾಡಿದ. ಎರಡು ವರ್ಷಕ್ಕೆ ಮಡ್ಡಿ ತೋಟ ಬಿಟ್ಟು ರೈಲು ಹತ್ತಿ ಶಿಕಾಗೋಗೆ ಹೋದ. ಅಲ್ಲಿ ಕಾರ್ಖಾನೆ ಕೆಲಸ, ಲಾರಿ ಓಡಿಸೋದು, ರಾತ್ರಿ ಬಾರ್‌ಗಳಲ್ಲಿ ಹಾಡೋದು. ಗದ್ದಲದಲ್ಲಿ ಗಿಟಾರ್ ಕೇಳಿಸ್ತಿರಲಿಲ್ಲ, ಕರೆಂಟ್ ಗಿಟಾರ್ ಹಿಡಿದ. ಮುಂದೆ ಇಂಗ್ಲೆಂಡಿನ ಬಿಳಿ ಹುಡುಗರು ಅವನ ಹಾಡಿನ ಹೆಸರನ್ನೇ ತಮ್ಮ ತಂಡಕ್ಕೆ ಇಟ್ಕೊಂಡ್ರು, ರೋಲಿಂಗ್ ಸ್ಟೋನ್ಸ್ ಅಂತ. ಹಳ್ಳಿಯ ಹಾಡು ಕಾರ್ಖಾನೆ ಊರಿಗೆ ಬಂದು ಗಟ್ಟಿಯಾಯ್ತು.

ಇದನ್ನ ಓದುವಾಗ ಭದ್ರಾವತಿ ನೆನಪಾಗದೇ ಇರುತ್ತಾ? 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯ್ತು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆ ಆಯ್ತು. ಸುತ್ತಲ ಹಳ್ಳಿಗಳ ನಮ್ಮೋರು, ತಮಿಳುನಾಡಿನವರು, ಆಂಧ್ರದವರು, ಕೇರಳದವರು, ಎಲ್ಲ ಬಂದು ಹಳೇನಗರ, ನ್ಯೂಟೌನ್, ಪೇಪರ್ ಟೌನ್ ತುಂಬಿಕೊಂಡ್ರು. ಬರುವಾಗ ಹೊಟ್ಟೆ ಹಸಿವಿನ ಜೊತೆ ತಮ್ಮ ತಮ್ಮ ವಾದ್ಯನೂ ತಂದ್ರು. ಇಲ್ಲಿಯ ಹಲಗೆ, ಅವರ ಪರೈ. ಎರಡೂ ಚರ್ಮ, ಎರಡೂ ಬೆಂಕಿಗೆ ಹಿಡಿದು ಕಾಯಿಸಿದ ಮೇಲೇ ಮಾತಾಡೋದು. ಆದ್ರೆ ಭದ್ರಾವತಿಗೆ ಶಿಕಾಗೋದ ಹಾಗೆ ರೆಕಾರ್ಡ್ ಕಂಪನಿ ಬರಲಿಲ್ಲ. ಈಗ ಕಾಗದದ ಕಾರ್ಖಾನೆ ನಿಂತುಹೋಗಿದೆ, ಕಬ್ಬಿಣದ ಕಾರ್ಖಾನೆ ಮುಚ್ಚುತ್ತೇವೆ ಅಂತ 2023ರಲ್ಲಿ ಹೇಳಿ ಕಾರ್ಮಿಕರನ್ನ ಬೀದಿಗೆ ಕೂರಿಸಿದ್ದು ನೀವೆಲ್ಲ ನೋಡಿದೀರಿ. ಕ್ವಾರ್ಟರ್ಸ್ ಖಾಲಿಯಾದಂಗೆ ಆ ಬಡಿತ ಗೊತ್ತಿದ್ದೋರೂ ಖಾಲಿ ಆಗ್ತಿದಾರೆ.

ಭದ್ರಾವತಿಗೆ ಬಂದದ್ದು ಇನ್ನೊಂದು. ಹರಿಹರದಲ್ಲಿ ಹುಟ್ಟಿ ಇಲ್ಲಿಯ ಕಾಲೇಜಲ್ಲಿ ಕನ್ನಡ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು. 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಈ ಊರಲ್ಲೇ ಹುಟ್ಟಿತು ಅನ್ನೋದು ನಮ್ಮ ಈಗಿನ ಹುಡುಗರಿಗೆ ಎಷ್ಟು ಜನಕ್ಕೆ ಗೊತ್ತು? ದಸಂಸದ ಸಭೆ ಅಂದ್ರೆ ಮೊದಲು ಹಾಡು, ಆಮೇಲೆ ಭಾಷಣ. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಓದಿಸಿಕೊಂಡದ್ದಕ್ಕಿಂತ ಬೀದಿಯಲ್ಲಿ ಹಾಡಿಸಿಕೊಂಡದ್ದೇ ಹೆಚ್ಚು. ಸಂಗೀತ ಪಾಠ ಯಾರಿಗೆ ಆಗಿತ್ತು? ಸೋಬಾನೆ, ಕೋಲಾಟ, ತತ್ವಪದದ ಮಟ್ಟು ಕಿವೀಲಿ ಇತ್ತು, ಅದಕ್ಕೇ ಹೊಸ ಸಿಟ್ಟು ತುಂಬಿದ್ರು. ಮೈಸೂರಿನ ಜನ್ನಿ, ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್ ಅಂಥೋರ ಗಂಟಲಲ್ಲಿ ಆ ಹಾಡುಗಳು ಜಿಲ್ಲೆಯಿಂದ ಜಿಲ್ಲೆಗೆ ಹೋದವು. ಅಂದಹಾಗೆ, 'ಧರಣಿ ಮಂಡಲ ಮಧ್ಯದೊಳಗೆ', 'ಬಾ ನಲ್ಲೆ ಮಧುಚಂದ್ರಕೆ' ಸಿನಿಮಾಗಳಲ್ಲಿ ನೀವು ಗುನುಗೋ ಪ್ರೇಮಗೀತೆ ಬರೆದವರೂ ಇದೇ ಸಿದ್ಧಲಿಂಗಯ್ಯ. ಮದುವೆ ಆರ್ಕೆಸ್ಟ್ರಾಗಳಲ್ಲಿ ಇದನ್ನ ಹಾಡೋ ಎಷ್ಟೋ ಜನಕ್ಕೆ ಹೇಳಿ ನೋಡಿ, ನಂಬಲ್ಲ.

ಈಗ ನಮ್ಮೊಳಗಿನ ಜಗಳಕ್ಕೆ ಬರ್ತೀನಿ. ಹಲಗೆ ವಿಷಯ ಬರೆದಾಗಲೆಲ್ಲ ಇನ್‌ಬಾಕ್ಸಿಗೆ ಬೈಗುಳ ಬರುತ್ತೆ, ಅದೂ ನಮ್ಮೋರಿಂದಲೇ. 'ಅಣ್ಣಾ, ಬಾಬಾಸಾಹೇಬರು ಬಿಡಿ ಅಂದಿದ್ದನ್ನ ನೀನು ಮತ್ತೆ ಕೊರಳಿಗೆ ಹಾಕ್ತೀಯಾ?' ಅಂತ. ಆ ಸಿಟ್ಟು ನನಗೆ ಅರ್ಥ ಆಗುತ್ತೆ. ಹಲಗೆಗೆ ಸಾವಿಗೊಂದು ಬಡಿತ, ಜಾತ್ರೆಗೊಂದು, ಡಂಗುರಕ್ಕೊಂದು. ದೂರದಿಂದ ಕೇಳಿದರೇ ಊರಲ್ಲಿ ಏನಾಗಿದೆ ಅಂತ ಗೊತ್ತಾಗೋದು. ಎಡಗೈಯಲ್ಲಿ ತೆಳ್ಳನೆ ಕಡ್ಡಿ, ಬಲಗೈಯಲ್ಲಿ ದಪ್ಪ ಕೋಲು, ಎರಡರ ಲೆಕ್ಕ ತಪ್ಪದಂಗೆ ಗಂಟೆಗಟ್ಟಲೆ ಬಾರಿಸೋದು ಸಣ್ಣ ವಿದ್ಯೆ ಏನಲ್ಲ. ಆದ್ರೆ ಗೌಡರ ಮನೆ ಸಾವಿಗೆ ಹೊತ್ತು ಗೊತ್ತಿಲ್ಲದೆ ಬಂದು ಬಾರಿಸಲೇಬೇಕು, ಸಿಕ್ಕೋದು ಒಂದು ಹಿಡಿ ಕಾಳು, ಒಂದು ಕ್ವಾರ್ಟರ್ ಸಾರಾಯಿ. ಇದು ಬಿಟ್ಟಿ ಚಾಕರಿ. ಬಾರಿಸಲ್ಲ ಅಂದ ಹುಡುಗರ ಕೇರಿಗೆ ನೀರು, ಅಂಗಡಿ, ಕೂಲಿ ಎಲ್ಲ ಬಂದ್ ಮಾಡಿ ಬಹಿಷ್ಕಾರ ಹಾಕಿದ್ದು ಈ ರಾಜ್ಯದಲ್ಲಿ ಒಂದೆರಡು ಊರಲ್ಲಿ ಅಲ್ಲ. ಬಾರಿಸಲ್ಲ ಅಂದಿದ್ದು ಸರಿ. ಇವತ್ತೂ ಸಾವಿಗೆ ಕರೆದರೆ ಹೋಗಬೇಡಿ ಅಂತಲೇ ನಾನು ಹೇಳೋದು. ಅದೇ ಹಲಗೆ ದಸಂಸದ ಮೆರವಣಿಗೆ ಮುಂದೆ ಬಡಿದಾಗ ಊರಗೌಡರ ಎದೆ ಝಲ್ ಅಂದಿದ್ದೂ ನಿಜ. ಯಾರು ಕರೆದರು, ಯಾಕೆ ಬಾರಿಸಿದ್ವಿ, ಕೈಗೆ ಏನು ಕೊಟ್ಟರು ಅನ್ನೋದರ ಮೇಲೆ ಅದು ಚಾಕರಿಯೋ ಕಲೆಯೋ ಗೊತ್ತಾಗುತ್ತೆ. ಚರ್ಮಕ್ಕೆ ಯಾವ ಪಾಪವೂ ಅಂಟಿಲ್ಲ.

ಚೌಡಿಕೆ ಪದ ಇನ್ನೂ ಕಷ್ಟದ್ದು. ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಚಂದ್ರಗುತ್ತಿ, ರೇಣುಕಾಂಬೆಯ ಬೆಟ್ಟ. 1986ರಲ್ಲಿ ಅಲ್ಲಿಯ ಬೆತ್ತಲೆ ಸೇವೆ ತಡೆಯೋಕೆ ಹೋದ ನಮ್ಮ ಹೋರಾಟಗಾರರ ಮೇಲೆ, ಪೊಲೀಸರ ಮೇಲೂ ಹಲ್ಲೆ ಆಯ್ತು. ಆಮೇಲೆ ಸರ್ಕಾರ ಅದನ್ನ ನಿಷೇಧಿಸಿತು. ದೇವದಾಸಿ ಪದ್ಧತಿ ವಿರುದ್ಧ ಕಾಯ್ದೆ 1982ರಲ್ಲೇ ಬಂದಿತ್ತು. ಚೌಡಿಕೆಯ ಎಷ್ಟೋ ಒಳ್ಳೆ ಪದಗಳು ಮುತ್ತು ಕಟ್ಟಿಸಿಕೊಂಡ ನಮ್ಮ ಹೆಣ್ಮಕ್ಕಳ ಕೊರಳಿಂದಲೇ ಬಂದವು. ಪದ್ಧತಿ ಹೋಗಲೇಬೇಕಿತ್ತು. ಹಾಡಿದವಳ ಹೆಸರೂ ಅದರ ಜೊತೆಗೇ ಹೋಗಬೇಕಿತ್ತಾ?

ಹೆಸರು ಉಳಿದವರು ಇಲ್ಲ ಅಂತಲ್ಲ. ಬಳ್ಳಾರಿ ಸೀಮೆಯ ಬುಡ್ಗಜಂಗಮ ಸಮುದಾಯದ ದರೋಜಿ ಈರಮ್ಮ, ಓದು ಬರಹ ಇಲ್ಲದೆ ಸಾವಿರಾರು ಪುಟಗಳ ಬುರ್ರಕಥೆ ಕೊಟ್ಟ ತಾಯಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಆದರು. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಬೇರೆ ಏನಕ್ಕೂ ಅಲ್ಲ, ತಮಟೆಗೆ. ಆ ದಿನ ನಾನು ಆಫೀಸಲ್ಲಿ ಸಿಹಿ ಹಂಚಿದೆ. ಪಕ್ಕದ ರಾಜ್ಯದಲ್ಲಿ ಅರಿವು ಅನ್ನೋ ಹುಡುಗ ತನ್ನ ಅಜ್ಜಿ ವಳ್ಳಿಯಮ್ಮಾಳ್, ಅವಳ ಸಿಲೋನ್ ಟೀ ತೋಟದ ಬದುಕು ಇಟ್ಕೊಂಡು 2021ರಲ್ಲಿ 'ಎಂಜಾಯ್ ಎಂಜಾಮಿ' ಬರೆದು ಹಾಡಿದ. ಕೋಟಿಗಟ್ಟಲೆ ಜನ ನೋಡಿದ್ರು. ಅದೇ ವರ್ಷ ಒಂದು ದೊಡ್ಡ ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಅವನಿಲ್ಲ! ಪಾ. ರಂಜಿತ್ ಬಹಿರಂಗವಾಗಿ ಕೇಳಿದ ಮೇಲೆ ಗಲಾಟೆ ಆಯ್ತು, ಆಮೇಲೆ ಅವನ ಚಿತ್ರವೂ ಬಂತು. ಕೇಳೋಕೆ ಒಬ್ಬ ರಂಜಿತ್ ಇದ್ದ, ಬಂತು. ಇಲ್ಲಿ ಕೇಳೋರ್ಯಾರು?

ಇಷ್ಟೆಲ್ಲ ಬರೆಯೋಕೆ ಕಾರಣ ಹೇಳ್ತೀನಿ. ಮೊನ್ನೆ ನಮ್ಮ ಜಿಲ್ಲೆಯ ಒಂದು ಕಾರ್ಯಕ್ರಮದ ಆಹ್ವಾನ ಪತ್ರಿಕೆ ವಾಟ್ಸಾಪಲ್ಲಿ ಬಂತು. ಯಾರದ್ದು ಅಂತ ಹೇಳಲ್ಲ, ಎಲ್ಲರ ಕಾರ್ಡೂ ಹಿಂಗೇ ಇರುತ್ತೆ. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ಪ್ರಾರ್ಥನೆ, ನಿರೂಪಣೆ, ವಂದನಾರ್ಪಣೆ ಮಾಡೋರವರೆಗೂ ಹೆಸರು, ಹುದ್ದೆ, ಫೋಟೋ. ಕೊನೆ ಸಾಲು: 'ತಮಟೆ, ಡೊಳ್ಳು ಮೇಳದೊಂದಿಗೆ ಮೆರವಣಿಗೆ'. ಮುಗೀತು.

ಇದೇನು ದೊಡ್ಡ ವಿಷಯ ಅಂತೀರಾ? ನಾನು ಗುಮಾಸ್ತ, ಕಾಗದದ ಬೆಲೆ ನನಗೆ ಗೊತ್ತು. ವಯಸ್ಸಾದ ಕಷ್ಟದಲ್ಲಿರೋ ಕಲಾವಿದರಿಗೆ ಸರ್ಕಾರದ ಮಾಸಾಶನ ಇದೆ. ಅರ್ಜಿ ತುಂಬಿಸಿಕೊಳ್ಳೋಕೆ ನಮ್ಮ ಕೇರಿಯ ಹಿರಿಯರು ಭಾನುವಾರ ನನ್ನ ಮನೆಗೆ ಬರ್ತಾರೆ. ಅರ್ಜಿ ಜೊತೆ ಕಲಾಸೇವೆಯ ದಾಖಲೆ ಇಡಬೇಕು: ಆಹ್ವಾನ ಪತ್ರಿಕೆ, ಪ್ರಶಸ್ತಿ ಪತ್ರ, ಪತ್ರಿಕೆ ತುಣುಕು. ದಾಖಲೆ ಕೇಳೋದು ತಪ್ಪಲ್ಲ, ಕೇಳದಿದ್ರೆ ಯಾರ್ಯಾರೋ ಬಂದು ಕೂರ್ತಾರೆ. ಆದ್ರೆ ನಲವತ್ತು ವರ್ಷ ಪ್ರತಿ ಮೆರವಣಿಗೆ ಮುಂದೆ ಬಿಸಿಲಲ್ಲಿ ಬಾರಿಸಿದವನ ಹತ್ರ ಒಂದು ಕಾರ್ಡೂ ಇರಲ್ಲ. ಇದ್ದ ಕಾರ್ಡಲ್ಲಿ ಅವನ ಹೆಸರು 'ತಮಟೆ'. ಹಾರ್ಮೋನಿಯಂ ಮುಂದೆ ಎರಡು ಸಲ ಪ್ರಾರ್ಥನೆ ಹಾಡಿದವರ ಫೈಲ್ ದಪ್ಪಗಿರುತ್ತೆ. ಅಂಗೈಯಲ್ಲಿ ಕೋಲು ಹಿಡಿದ ಗಂಟು ಇದೆ ನೋಡಿ ಅಂತ ಜೆರಾಕ್ಸ್ ಮಾಡಿಸಿ ಇಡೋಕಾಗುತ್ತಾ?

ಹಂಗಾಗಿ ಸಂಘಟಕ ಮಿತ್ರರಿಗೆ, ನಮ್ಮ ಅಂಬೇಡ್ಕರ್ ಜಯಂತಿ ಸಮಿತಿಗಳಿಗೂ ಸೇರಿಸಿ, ಕೇಳ್ತಿರೋದು ಇಷ್ಟೆ. ತಂಡದಲ್ಲಿ ಎಂಟು ಜನ ಇದ್ರೆ ಎಂಟೂ ಹೆಸರು, ಊರು ಸಮೇತ ಅಚ್ಚು ಹಾಕಿ. ಗಣ್ಯರ ಪಟ್ಟಿಯಲ್ಲಿ ಎಂಟು ಜನ ಕಡಿಮೆ ಆದ್ರೆ ಯಾರೂ ಸಾಯಲ್ಲ. ಕಾರ್ಯಕ್ರಮ ಮುಗಿದ ಮೇಲೆ ಲೆಟರ್‌ಹೆಡ್ಡಲ್ಲಿ ಒಬ್ಬೊಬ್ಬರಿಗೂ ಒಂದು ಪತ್ರ ಕೊಡಿ, ದಿನಾಂಕ, ಸಹಿ, ಸೀಲು ಹಾಕಿ. ದುಡ್ಡನ್ನ ತಂಡದ ಯಜಮಾನನ ಕೈಗೆ ಒಟ್ಟಿಗೆ ಕೊಟ್ಟು ಕೈತೊಳ್ಕೊಬೇಡಿ.

ನಮ್ಮ ಕಡೆಯಿಂದ ಹೆಸರು ಬರೆದುಕೊಳ್ಳೋ ಕೆಲಸ ಶುರು ಮಾಡಿದೀವಿ. ಶಿವಮೊಗ್ಗ, ಭದ್ರಾವತಿ ತಾಲೂಕಿನಲ್ಲಿ ಹಲಗೆ ಬಾರಿಸೋರು, ಸೋಬಾನೆ, ಚೌಡಿಕೆ ಪದ ಬಲ್ಲೋರು, ದಸಂಸದ ಹಾಡು ಹಾಡ್ತಿದ್ದ ಹಳೆಯೋರು ಯಾರಾದ್ರೂ ಗೊತ್ತಿದ್ರೆ ಅವರ ಒಪ್ಪಿಗೆ ಕೇಳಿ ನನಗೆ ಮೆಸೇಜ್ ಮಾಡಿ. ಹಳೇ ಫೋಟೋ, ಕರಪತ್ರ, ಕ್ಯಾಸೆಟ್ ಇದ್ರೆ ಬಿಸಾಡಬೇಡಿ. ತೀರಿಕೊಂಡೋರ ಹೆಸರೂ ಬೇಕು.