ಅಧಿವೇಶನ ಮುಗಿಯಿತು, ಬಿಲ್ಲು ಉಳಿಯಿತು

ವಿಧಾನಮಂಡಲದ ಅಧಿವೇಶನ ಮುಗಿದ ಮರುದಿನ ಪತ್ರಿಕೆಗಳಲ್ಲಿ ಒಂದು ಲೆಕ್ಕ ಬರುತ್ತದೆ: ಎಷ್ಟು ಗಂಟೆ ಕಲಾಪ ನಡೆಯಿತು, ಎಷ್ಟು ಮಸೂದೆಗಳಿಗೆ ಒಪ್ಪಿಗೆ ಸಿಕ್ಕಿತು, ಎಷ್ಟು ಹೊತ್ತು ಗದ್ದಲದಲ್ಲಿ ಕಳೆಯಿತು. ನಾಗಪುರದ ಚಳಿಗಾಲದ ಅಧಿವೇಶನವಿರಲಿ, ಬೆಳಗಾವಿಯ ಸುವರ್ಣ ವಿಧಾನಸೌಧದ್ದಿರಲಿ, ಆ ಲೆಕ್ಕದಲ್ಲಿ ನಾನು ಮೊದಲು ಹುಡುಕುವುದು ಆರೋಗ್ಯದ ವಿಷಯವನ್ನು. ಹೆಚ್ಚಿನ ಸಲ ಅದು ಸಿಗುವುದೇ ಇಲ್ಲ.

ಹುಡುಕುವುದಕ್ಕೆ ಕಾರಣವಿದೆ. ನಮ್ಮ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಔಷಧಾಲಯಗಳು ರಾಜ್ಯಪಟ್ಟಿಯಲ್ಲಿವೆ. ಊರು ಕುಂದಾಪುರವಾದರೂ ಕಲಬುರಗಿಯಾದರೂ ನಾವು ಡೊಂಬಿವಲಿಯಲ್ಲಿ ಮಲಗಿ ಸಲೈನ್ ಹಾಕಿಸಿಕೊಂಡರೆ ನಮಗೆ ಅನ್ವಯಿಸುವುದು ಮಹಾರಾಷ್ಟ್ರದ ಕಾನೂನು.

ಊರಿನ ಕಥೆ ಮೊದಲು ಹೇಳುತ್ತೇನೆ. 2017ರ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿ ಮಸೂದೆ ಕರ್ನಾಟಕವನ್ನು ಅಲ್ಲಾಡಿಸಿತ್ತು. ಆಗ ಆರೋಗ್ಯ ಸಚಿವರಾಗಿದ್ದವರು ಕೆ.ಆರ್. ರಮೇಶ್ ಕುಮಾರ್. ಚಿಕಿತ್ಸೆಯ ದರವನ್ನು ಸರ್ಕಾರ ನಿಗದಿ ಮಾಡಬೇಕು, ಹೆಚ್ಚು ವಸೂಲಿ ಮಾಡಿದರೆ ಜೈಲು ಎನ್ನುವ ಅಂಶಗಳು ಅದರಲ್ಲಿದ್ದವು. ಸಾವಿರಾರು ವೈದ್ಯರು ಬೆಳಗಾವಿಯಲ್ಲಿ ಸೇರಿದರು, ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಹಲವು ದಿನ ಮುಚ್ಚಿದವು. ಸರ್ಕಾರಿ ಆಸ್ಪತ್ರೆಗಳಿಗೂ ಇದೇ ನಿಯಮ ಯಾಕಿಲ್ಲ ಎಂದು ಅವರು ಕೇಳಿದ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಬಾಗಿಲ ಹೊರಗೆ ಕಾದವರು ರೋಗಿಗಳು.

ಕೊನೆಗೆ ಅಧಿವೇಶನ ಮುಗಿಯುವ ಮುನ್ನ ಅಂಗೀಕಾರವಾದದ್ದು ಸಡಿಲಗೊಂಡ ಮಸೂದೆ. ದರ ನಿಗದಿ ಸರ್ಕಾರಿ ಯೋಜನೆಗಳಡಿ ಬರುವ ರೋಗಿಗಳಿಗಷ್ಟೇ ಸೀಮಿತವಾಯಿತು. ಆದರೂ ಕೈ ಪೂರ್ತಿ ಖಾಲಿಯಾಗಲಿಲ್ಲ. ರೋಗಿಗಳ ಹಕ್ಕುಪತ್ರ ಉಳಿಯಿತು, ಜಿಲ್ಲಾ ಮಟ್ಟದಲ್ಲಿ ದೂರು ಕೇಳುವ ಪ್ರಾಧಿಕಾರ ಉಳಿಯಿತು. ಬಾಕಿ ಹಣಕ್ಕಾಗಿ ಮೃತದೇಹವನ್ನು ಹಿಡಿದಿಟ್ಟುಕೊಳ್ಳಬಾರದು ಎನ್ನುವ ಮಾತೂ ಉಳಿಯಿತು. ಅಷ್ಟಾದರೂ ಉಳಿದದ್ದು ಬಿಡದೆ ಬೆನ್ನುಹತ್ತಿದ ಜನಾರೋಗ್ಯ ಸಂಘಟನೆಗಳವರಿಂದ.

ಇನ್ನು ನಾವಿರುವ ನೆಲದ ಮಾತು. ಇಲ್ಲಿನ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆ 1949ರದ್ದು, ಅಂದರೆ ಮಹಾರಾಷ್ಟ್ರ ರಾಜ್ಯಕ್ಕಿಂತ 11 ವರ್ಷ ಹಿರಿಯದು. ಕೇಂದ್ರ 2010ರಲ್ಲಿ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ ತಂದಾಗ, ಬೇಕಾದ ರಾಜ್ಯಗಳು ಅದನ್ನು ಒಪ್ಪಿಕೊಳ್ಳಬಹುದಿತ್ತು. ಮಹಾರಾಷ್ಟ್ರ ಒಪ್ಪಿಕೊಳ್ಳಲಿಲ್ಲ. ಜನ ಆರೋಗ್ಯ ಅಭಿಯಾನದಂಥ ಸಂಘಟನೆಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, ಕೋವಿಡ್ ಕಾಲದ ಬಿಲ್ಲುಗಳನ್ನು ಕಂಡು ಜನ ಬೆಚ್ಚಿದ ಮೇಲೆ, 2021ರ ಜನವರಿಯಲ್ಲಿ ಹಳೆಯ ಕಾಯ್ದೆಯ ನಿಯಮಗಳಿಗೆ ತಿದ್ದುಪಡಿ ಬಂತು. ಅದರಂತೆ ರೋಗಿಗಳ ಹಕ್ಕುಗಳ ಸನದು ಮತ್ತು ಮುಖ್ಯ ಸೇವೆಗಳ ದರಪಟ್ಟಿ ಎಲ್ಲರಿಗೂ ಕಾಣುವಂತೆ ತೂಗಬೇಕು. ದೂರು ಪರಿಹಾರ ಕೋಶ ಮತ್ತು ಶುಲ್ಕವಿಲ್ಲದ ಫೋನ್ ನಂಬರ್ ಇರಬೇಕು. ದರ ಎಷ್ಟಿರಬೇಕೆಂದು ನಿಯಮ ಹೇಳುವುದಿಲ್ಲ. ಮುಚ್ಚಿಡಬಾರದು ಎಂದಷ್ಟೇ ಹೇಳುತ್ತದೆ.

ಅಷ್ಟರಿಂದ ಏನಾಗುತ್ತದೆ ಎನ್ನುವವರಿಗೆ ಕಳೆದ ಮಳೆಗಾಲದ ಒಂದು ಸಂಗತಿ. ಹೋಟೆಲಿನಲ್ಲಿ ದುಡಿಯುವ ನಮ್ಮೂರ ಕಡೆಯ ಹುಡುಗನೊಬ್ಬ ಡೆಂಗಿ ಜ್ವರಕ್ಕೆ ಒಂದು ನರ್ಸಿಂಗ್ ಹೋಮಿನಲ್ಲಿದ್ದ. ಜ್ವರ ಇಳಿದಿತ್ತು, ಬಿಲ್ಲು ಏರಿತ್ತು. ಪೂರ್ತಿ ಕಟ್ಟುವವರೆಗೆ ಡಿಸ್ಚಾರ್ಜ್ ಇಲ್ಲ ಎಂದು ಎರಡು ದಿನ ಕೂರಿಸಿದ್ದರು. ಆ ಎರಡು ದಿನಗಳ ಹಾಸಿಗೆ ಬಾಡಿಗೆಯೂ ಬಿಲ್ಲಿಗೆ ಸೇರುತ್ತಿತ್ತು. ರೂಮಿನ ಗೆಳೆಯರು ನನಗೆ ಫೋನ್ ಮಾಡಿದರು. ಹೋಗಿ ನೋಡಿದರೆ ಹಕ್ಕುಗಳ ಸನದು ಅಲ್ಲೇ ಇತ್ತು, ನೀರಿನ ಫಿಲ್ಟರಿನ ಹಿಂದೆ! ಹುಡುಗರಿಗೆ ಓದಲು ಬರುವುದು ಕನ್ನಡ ಮಾತ್ರ. ಹಣದ ತಕರಾರಿಗಾಗಿ ರೋಗಿಯನ್ನು ತಡೆಯುವಂತಿಲ್ಲ ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2018ರ ಸನದು ಹೇಳುತ್ತದೆ. ಅದನ್ನು ಮ್ಯಾನೇಜರಿಗೆ ತೋರಿಸಿ, ಬಾಬ್ತುವಾರು ಬಿಲ್ಲು ಕೇಳಿದೆವು. ಯಾರೂ ಧ್ವನಿ ಏರಿಸಲಿಲ್ಲ. ಬಿಲ್ಲು ಬಂದಾಗ ಮೊತ್ತ ಸುಮಾರು ಒಂಬತ್ತು ಸಾವಿರ ಇಳಿದಿತ್ತು. ಉಳಿದದ್ದನ್ನು ಹೋಟೆಲ್ ಮಾಲೀಕರೂ ಗೆಳೆಯರೂ ಸೇರಿ ಕಟ್ಟಿದರು. ಹುಡುಗ ಸಂಜೆ ಖೋಲಿಗೆ ಬಂದ.

ಅವನಿಗೆ ಯಾವ ಯೋಜನೆಯೂ ಒದಗಲಿಲ್ಲ. ಪಡಿತರ ಚೀಟಿ ಊರಿನಲ್ಲಿ, ದುಡಿಮೆ ಇಲ್ಲಿ. ಮಹಾತ್ಮ ಫುಲೆ ಜನ ಆರೋಗ್ಯ ಯೋಜನೆಗೆ ಇಲ್ಲಿನ ದಾಖಲೆ ಬೇಕು. ಎರಡು ರಾಜ್ಯಗಳ ನಡುವಿನ ಈ ಸಂದಿಯಲ್ಲಿ ನಮ್ಮವರು ಎಷ್ಟೋ ಮಂದಿ ಇದ್ದಾರೆ. ಯಾವ ಸದನದಲ್ಲೂ ಅವರ ಪರವಾಗಿ ಪ್ರಶ್ನೆ ಏಳುವುದಿಲ್ಲ, ಯಾಕೆಂದರೆ ಇಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರೂ ಇಲ್ಲ.

ಅಧಿವೇಶನ ಮುಗಿದ ಮಾತ್ರಕ್ಕೆ ಬಾಕಿ ಉಳಿದ ಮಸೂದೆ ಬಿದ್ದುಹೋಗುವುದಿಲ್ಲ. ಸಂವಿಧಾನದ 196ನೇ ವಿಧಿ ಅದನ್ನು ಕಾಯುತ್ತದೆ. ಹಾಗೆಯೇ ನಮ್ಮ ಕೆಲಸವೂ ಮುಗಿಯುವುದಿಲ್ಲ. ಸದನವಿಲ್ಲದ ದಿನಗಳಲ್ಲಿ ಶಾಸಕರು ಕ್ಷೇತ್ರದಲ್ಲಿ ಸಿಗುತ್ತಾರೆ. ಗಣೇಶೋತ್ಸವಕ್ಕೆ, ಯಕ್ಷಗಾನಕ್ಕೆ ಅವರನ್ನು ಕರೆದು ಶಾಲು ಹೊದಿಸುವ ನಮ್ಮ ಸಂಘಗಳು ಶಾಲಿನ ಜೊತೆ ಒಂದು ಅರ್ಜಿಯನ್ನೂ ಕೊಡಲಿ: ದರಪಟ್ಟಿ ತೂಗದ ಆಸ್ಪತ್ರೆಗಳ ಮೇಲೆ ಏನು ಕ್ರಮವಾಗಿದೆ? ವಲಸೆ ಕಾರ್ಮಿಕರಿಗೆ ಯೋಜನೆಯ ಬಾಗಿಲು ಯಾವಾಗ ತೆರೆಯುತ್ತದೆ? ಮುಂದಿನ ಅಧಿವೇಶನದಲ್ಲಿ ಕೇಳಿ ಉತ್ತರ ತನ್ನಿ ಎನ್ನಲಿ.

ಅದಕ್ಕೂ ಮೊದಲು ಈ ವಾರವೇ ಆಗುವ ಕೆಲಸವೊಂದಿದೆ. ಹಕ್ಕುಗಳ ಸನದನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ, ನಮ್ಮ ಹುಡುಗರಿರುವ ಹೋಟೆಲುಗಳ ಅಡುಗೆಮನೆ ಗೋಡೆಗೆ ಅಂಟಿಸಬೇಕು. ಕೈಜೋಡಿಸುವವರು ಸಂಪಾದಕರಿಗೆ ಬರೆಯಿರಿ.