ಕಳ್ಳ ಒಳಗಿರುವಾಗ ಗೇಟು ಹಾಕಿ ಏನು ಫಲ?

ಪುಣೆಯಲ್ಲಿ ನಮ್ಮ ಶನಿವಾರದ ಜಾಮ್‌ಗೆ ಬರುವ ಹುಡುಗರದ್ದೆಲ್ಲ ಒಂದೇ ಮಂತ್ರ. ಆಂಪ್ ‘ಗುಂಯ್’ ಎಂದರೆ ಸಾಕು, “ಸರ್, ಒಂದು ನಾಯ್ಸ್ ಗೇಟ್ ಪೆಡಲ್ ಹಾಕ್ಬಿಡಿ, ಮುಗೀತು!” ಮುಗಿಯುವುದಿಲ್ಲ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಎರಡು ವರ್ಷ ಅದೇ ಮಂತ್ರ ಜಪಿಸಿದವನು ನಾನು.

ಗೇಟ್ ಮಾಡುವ ಕೆಲಸ ಇಷ್ಟೇ. ಸಿಗ್ನಲ್ ನಾವಿಟ್ಟ ಥ್ರೆಶೋಲ್ಡ್‌ಗಿಂತ ಕೆಳಗಿಳಿದರೆ ಬಾಗಿಲು ಮುಚ್ಚುತ್ತದೆ, ಮೇಲೇರಿದರೆ ತೆರೆಯುತ್ತದೆ. ತೆರೆದಾಗ ಸ್ವರದ ಬೆನ್ನಿಗೆ ಗದ್ದಲವೂ ಹೊರಬರುತ್ತದೆ. ಸ್ವರದ ಅಬ್ಬರದಲ್ಲಿ ನಮಗೆ ಕೇಳಿಸದು, ಅಷ್ಟೆ. ಗದ್ದಲ ಜಾಸ್ತಿಯಾದಷ್ಟೂ ಥ್ರೆಶೋಲ್ಡ್ ಏರಿಸಬೇಕು. ಆಗ ಎಳೆದು ಬಿಟ್ಟ ಸ್ವರ ಮೆಲ್ಲಗೆ ಕರಗುವ ಮೊದಲೇ ಕತ್ತರಿಸಿಹೋಗುತ್ತದೆ. ವೀಣೆಯ ಕಾರ್ವೆ ಕೇಳಿ ಬೆಳೆದ ಕಿವಿಗಳು ಇದನ್ನು ಹೇಗೆ ಸಹಿಸುತ್ತವೋ ನನಗಂತೂ ಅರ್ಥವಾಗಿಲ್ಲ.

ಗದ್ದಲಕ್ಕೆ ಮೂಲವೊಂದು ಇದ್ದೇ ಇರುತ್ತದೆ. ಸಿಂಗಲ್ ಕಾಯಿಲ್ ಪಿಕಪ್ ಎಂದರೆ ಒಂದು ಆಂಟೆನಾ. ಮನೆಯ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಟ್ಟುವಿಕೆಯನ್ನು ಅದು ಹೀರಿಕೊಳ್ಳುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಇದಕ್ಕೆ ಮೂಲದಲ್ಲೇ ಮದ್ದು ಹುಡುಕಿದ. ಎರಡು ಕಾಯಿಲ್‌ಗಳನ್ನು ಅಯಸ್ಕಾಂತದ ದಿಕ್ಕು ಬದಲಿಸಿ, ತಿರುವುಮುರುವಾಗಿ ಜೋಡಿಸಿದ. ಹೊರಗಿನ ಗದ್ದಲ ಪರಸ್ಪರ ವಜಾ ಆಯಿತು, ತಂತಿಯ ನಾದ ಕೂಡಿಕೊಂಡಿತು. ಅದೇ ಹಂಬಕರ್. ಎಂಜಿನಿಯರಿಂಗ್ ಎಂದರೆ ಅದು!

ಈಗ ನನ್ನ ಕಥೆ. ನಮ್ಮ ಬಾಡಿಗೆ ಮನೆಯಲ್ಲಿ ಆಂಪ್ ವಿಪರೀತ ಗುಂಯ್‌ಗುಡುತ್ತಿತ್ತು. ಗೇಟ್ ತಂದೆ, ಮನೆ ಶಾಂತವಾಯಿತು. ಒಂದು ಸಂಜೆ ಮಗಳು ಬರಿಗಾಲಲ್ಲಿ ಗಿಟಾರ್ ಹಿಡಿದು, ಇನ್ನೊಂದು ಕೈಯಲ್ಲಿ ಕಿಟಕಿಯ ಕಬ್ಬಿಣದ ಸರಳು ಮುಟ್ಟಿ “ಅಪ್ಪಾ, ಜುಮ್ ಅಂತು” ಎಂದು ಕೈ ಕೊಡವಿದಳು. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದ. ಮೂರು ತೂತಿನ ಸಾಕೆಟ್ಟು, ಅರ್ಥ್ ಪಿನ್ನಿಗೆ ತಂತಿಯೇ ಇಲ್ಲ! ಎರಡು ವರ್ಷದಿಂದ ಆಂಪ್ ಅದನ್ನೇ ಕೂಗಿ ಹೇಳುತ್ತಿತ್ತು. ನಾನು ದುಡ್ಡು ಕೊಟ್ಟು ಅದರ ಬಾಯಿ ಮುಚ್ಚಿಸಿದ್ದೆ. ಎಂ.ಟೆಕ್. ಬೇರೆ ಓದಿದವನು.

ಆಫೀಸಿನಲ್ಲಿ ಯಾರಾದರೂ ಸರ್ವರ್ ಅಲರ್ಟ್ ಮ್ಯೂಟ್ ಮಾಡಿ “ಇಶ್ಯೂ ಕ್ಲೋಸ್ಡ್” ಎಂದರೆ ನಾನೇ ಬೈಯುತ್ತೇನೆ. ಮನೆಯಲ್ಲಿ ಅದನ್ನೇ ಮಾಡಿದ್ದೆ.

ಹಾಗಾದರೆ ಗೇಟ್ ಬೇಡವೇ? ಬೇಕು. ಹೈ ಗೇನ್ ಮೆಟಲ್ ರಿಫ್‌ಗಳ ನಡುವೆ ಚಾಕುವಿನಂತೆ ಕತ್ತರಿಸುವ ನಿಶ್ಶಬ್ದ ಗೇಟ್ ಇಲ್ಲದೆ ಕಷ್ಟ. ಬಾಸ್ ಎನ್‌ಎಸ್-2ರಂಥ ಪೆಡಲ್‌ನಲ್ಲಿ ಸೆಂಡ್, ರಿಟರ್ನ್ ಇರುವುದೇ ಅದಕ್ಕೆ. ಡಿಸ್ಟಾರ್ಷನ್ ಪೆಡಲನ್ನು ಆ ಲೂಪಿನೊಳಗೆ ಇಟ್ಟರೆ, ಗೇಟ್ ಶುದ್ಧ ಗಿಟಾರ್ ಸಿಗ್ನಲ್ ಕೇಳಿ ಬಾಗಿಲು ತೆರೆಯುತ್ತದೆ. ಸ್ವರ ಅಷ್ಟು ಸುಲಭವಾಗಿ ಕತ್ತರಿಸಿಹೋಗುವುದಿಲ್ಲ. ಆದರೆ ಅದು ಕೊನೆಯ ಹೆಜ್ಜೆ.

ಮೊದಲ ಹೆಜ್ಜೆ ಪುಕ್ಕಟೆ. ಗೇಟ್ ಆಫ್ ಮಾಡಿ, ಗಿಟಾರಿನ ವಾಲ್ಯೂಮ್ ಸೊನ್ನೆಗೆ ತನ್ನಿ. ಗದ್ದಲ ನಿಂತರೆ ಹುಡುಕಾಟ ಪಿಕಪ್‌ನಿಂದ ಶುರುವಾಗಲಿ: ನಿಂತಲ್ಲೇ ತಿರುಗಿ ನೋಡಿ, ದಿಕ್ಕು ಬದಲಾದಂತೆ ಗದ್ದಲ ಇಳಿದರೆ ಹತ್ತಿರದ ಯಾವುದೋ ಅಡಾಪ್ಟರ್, ಟ್ರಾನ್ಸ್‌ಫಾರ್ಮರ್ ಕಾರಣ. ನಿಲ್ಲದಿದ್ದರೆ ಕೇಬಲ್, ಪೆಡಲ್, ಪವರ್ ಸಪ್ಲೈಗಳನ್ನು ಒಂದೊಂದಾಗಿ ಕಳಚಿ ನೋಡಿ. ಬಾಡಿಗೆ ಮನೆಯಾದರೆ ಅರ್ಥಿಂಗ್ ಪರೀಕ್ಷಿಸಲು ಎಲೆಕ್ಟ್ರಿಷಿಯನ್ನನ್ನು ಕರೆಸಿ. ಮಾಲೀಕರು ಗೊಣಗಿದರೆ ಗೊಣಗಲಿ. ಗದ್ದಲ ನಿಲ್ಲಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತುಹಾಕುವ ಮಹಾನುಭಾವರಿದ್ದಾರೆ. ಅವರ ಮಾತು ದಯವಿಟ್ಟು ಕೇಳಬೇಡಿ.

ನಮ್ಮ ಮನೆಗೆ ಹೊಸ ಅರ್ಥ್ ತಂತಿ ಬಂದಿದೆ. ಮಗಳು ಅದೇ ಗಿಟಾರ್ ನುಡಿಸುತ್ತಾಳೆ. ಹಿನ್ನೆಲೆಯಲ್ಲಿ ಈಗಲೂ ಸಣ್ಣದೊಂದು ಗುಂಯ್ ಇದೆ. ನಾನು ಗೇಟ್ ಹಾಕಿಲ್ಲ. ಅದು ದೊಡ್ಡದಾದ ದಿನ ನನಗೆ ಕೇಳಿಸಬೇಕು.